ಬ್ರಸೆಲ್ಸ್ ಮೇಲಿನ ವಿಶ್ವಾಸ ಎಲ್ಲಿ ಹುಟ್ಟುತ್ತದೆ? ಯುರೋಪಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಯುರೋಪಿನ ನಾನಾ ದೇಶಗಳಲ್ಲಿ ನೆಲೆಸಿರುವ ಕನ್ನಡಿಗ ಬಂಧುಗಳಿಗೆ ನಮಸ್ಕಾರಗಳು.

ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್, ಸ್ವೀಡನ್, ಪೋಲೆಂಡ್ ಎಂದು ನಾವು ಹತ್ತಾರು ದೇಶಗಳಲ್ಲಿ ಹಂಚಿಹೋಗಿದ್ದೇವೆ. ನಮ್ಮಲ್ಲಿ ಕೆಲವರು ಆಯಾ ದೇಶದ ಪೌರತ್ವ ಪಡೆದು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಓಸಿಐ ಕಾರ್ಡು ಮಾಡಿಸಿಕೊಂಡಿದ್ದಾರೆ. 2029ರಲ್ಲಿ ನಡೆಯಬೇಕಿರುವ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಅವರಿಗೆ ಮತವಿದೆ. ಉಳಿದವರು ಕೆಲಸದ ಪರವಾನಗಿಯ ಮೇಲಿದ್ದೇವೆ. ನಮಗೆ ಮತವಿಲ್ಲದಿದ್ದರೂ ಅಭಿಪ್ರಾಯಗಳಿಗೇನೂ ಕೊರತೆಯಿಲ್ಲ. ರಾಜ್ಯೋತ್ಸವದ ಸಭೆಯಲ್ಲಾಗಲಿ, ಯುಗಾದಿಯ ಊಟದ ಪಂಕ್ತಿಯಲ್ಲಾಗಲಿ ಮಾತು ಬ್ರಸೆಲ್ಸ್‌ನಲ್ಲಿ ಕೇಂದ್ರ ಕಚೇರಿಗಳಿರುವ ಐರೋಪ್ಯ ಒಕ್ಕೂಟದ ಕಡೆಗೆ ಹೊರಳಿದಾಗ, ಬ್ರಸೆಲ್ಸ್‌ನವರು ಮೇಲೆ ಕುಳಿತಿರುವುದರಿಂದಲೇ ಇಲ್ಲಿ ಅಷ್ಟಿಷ್ಟು ನೆಟ್ಟಗೆ ನಡೆಯುತ್ತಿದೆ ಎನ್ನುವವರು ಒಂದು ಕಡೆ, ಯಾರಿಗೂ ಲೆಕ್ಕ ಕೊಡದ ಅಧಿಕಾರಿಗಳ ಕೂಟವದು ಎನ್ನುವವರು ಇನ್ನೊಂದು ಕಡೆ ನಿಲ್ಲುವುದು ಸಾಮಾನ್ಯ. ಈ ಎರಡೂ ತೀರ್ಪುಗಳಲ್ಲಿ ಬ್ರಸೆಲ್ಸ್‌ನ ಪಾಲು ಕಡಿಮೆ, ಮಾತನಾಡುವವರು ಬದುಕುತ್ತಿರುವ ದೇಶದ ಸರ್ಕಾರದ ಪಾಲು ಹೆಚ್ಚು ಎಂಬುದು ನನ್ನ ವಾದ. ಅದು ನಿಜವಾದರೆ, ಒಕ್ಕೂಟವನ್ನು ಮೆಚ್ಚುವ ಅಥವಾ ದೂರುವ ಮೊದಲು ನಾವು ಲೆಕ್ಕ ಕೇಳಬೇಕಾದವರು ಯಾರು ಎಂಬ ಪ್ರಶ್ನೆಗೂ ಬೇರೆಯೇ ಉತ್ತರ ಸಿಗುತ್ತದೆ.

ಹೆಚ್ಚಿನ ಕೌಶಲದ ವಿದೇಶಿ ನೌಕರರಿಗೆ ಕೊಡುವ, ನಮಗೆಲ್ಲ ಪರಿಚಿತವಾದ ಬ್ಲೂ ಕಾರ್ಡ್ ಪರವಾನಗಿಯನ್ನೇ ತೆಗೆದುಕೊಳ್ಳಿ. ಅದು ಒಕ್ಕೂಟದ ಕಾನೂನಿನಿಂದ ಹುಟ್ಟಿದ್ದು. 2009ರ ನಿರ್ದೇಶನವೊಂದರಿಂದ ಜಾರಿಗೆ ಬಂದು 2021ರಲ್ಲಿ ಪರಿಷ್ಕೃತವಾಯಿತು. 2023ರಲ್ಲಿ ಒಕ್ಕೂಟದಾದ್ಯಂತ ಸುಮಾರು 89,000 ಮಂದಿಗೆ ಈ ಕಾರ್ಡು ಸಿಕ್ಕಿತು, ಅವರಲ್ಲಿ ಸುಮಾರು 21,000 ಮಂದಿ ಭಾರತೀಯರು. ಒಟ್ಟು ಕಾರ್ಡುಗಳಲ್ಲಿ 69,000ದಷ್ಟನ್ನು ಜರ್ಮನಿಯೊಂದೇ ಕೊಟ್ಟಿತು. ಕಾರ್ಡು ಒಕ್ಕೂಟದ ಹೆಸರಿನಲ್ಲಿದ್ದರೂ ಸಂಬಳದ ಮಿತಿಯನ್ನು ಗೊತ್ತುಪಡಿಸುವುದು ಆಯಾ ದೇಶದ ಸರ್ಕಾರ, ಅರ್ಜಿ ತೆಗೆದುಕೊಳ್ಳುವುದು ಆಯಾ ದೇಶದ ಕಚೇರಿ. ಡೆನ್ಮಾರ್ಕ್ ಮತ್ತು ಐರ್ಲೆಂಡ್‌ಗಳಂತೂ ಈ ವ್ಯವಸ್ಥೆಯಿಂದಲೇ ಹೊರಗಿವೆ. ಕಾರ್ಡು ಬೇಗ ಕೈಗೆ ಬಂದರೆ ಯುರೋಪು ಒಳ್ಳೆಯದು, ಅಪಾಯಿಂಟ್‌ಮೆಂಟಿಗೇ ತಿಂಗಳುಗಟ್ಟಲೆ ಕಾಯಿಸಿದರೆ ಯುರೋಪು ಕೆಟ್ಟದ್ದು ಎಂದು ನಾವು ಬರೆದುಕೊಳ್ಳುವ ಲೆಕ್ಕ ನಿಜವಾಗಿ ಸೇರಬೇಕಾದದ್ದು ನಮ್ಮ ಊರಿನ ಕಚೇರಿಯ ಖಾತೆಗೆ.

ಒಕ್ಕೂಟದ ಆಡಳಿತ ಬಹುಪಾಲು ನಡೆಯುವುದೇ ಹೀಗೆ. ಸುಮಾರು 45 ಕೋಟಿ ಜನರಿರುವ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗದಲ್ಲಿ ಕೆಲಸ ಮಾಡುವವರು ಸುಮಾರು 32,000 ಮಂದಿ. ಅದಕ್ಕೆ ಬೀದಿಬೀದಿಯಲ್ಲಿ ಠಾಣೆಗಳಿಲ್ಲ, ಊರೂರಿನಲ್ಲಿ ಕಚೇರಿಗಳಿಲ್ಲ. ರೈತರಿಗೆ ಸಹಾಯಧನ ಹಂಚುವವರು, ಬಂದರಿನಲ್ಲಿ ಸುಂಕ ವಸೂಲಿ ಮಾಡುವವರು, ಆಹಾರದ ಗುಣಮಟ್ಟ ಪರೀಕ್ಷಿಸುವವರು, ಎಲ್ಲರೂ ಆಯಾ ದೇಶದ ನೌಕರರೇ. ಹೀಗಿರುವಾಗ ಒಬ್ಬ ಸಾಮಾನ್ಯ ನಾಗರಿಕನಿಗೆ ಒಕ್ಕೂಟವನ್ನು ನೇರವಾಗಿ ಕಂಡು, ವ್ಯವಹರಿಸಿ, ತೂಗಿನೋಡುವ ಅವಕಾಶವೇ ಅಪರೂಪ. ಕ್ರಿಸ್ಟೋಫರ್ ಆಂಡರ್ಸನ್ ಎಂಬ ರಾಜ್ಯಶಾಸ್ತ್ರಜ್ಞರು 1998ರಲ್ಲಿ ಮಂಡಿಸಿದ ವಾದದ ಸಾರವೂ ಇದೇ: ಒಕ್ಕೂಟದ ಬಗ್ಗೆ ಹೆಚ್ಚೇನೂ ತಿಳಿಯದ ನಾಗರಿಕರು ತಮಗೆ ಚೆನ್ನಾಗಿ ಗೊತ್ತಿರುವ ದೇಶೀಯ ರಾಜಕಾರಣದ ಅನುಭವವನ್ನೇ ಅದರ ಜಾಗದಲ್ಲಿಟ್ಟು ಅಭಿಪ್ರಾಯ ರೂಪಿಸಿಕೊಳ್ಳುತ್ತಾರೆ.

ಒಕ್ಕೂಟವೇ ನಡೆಸುವ ಯುರೋಬಾರೋಮೀಟರ್ ಜನಾಭಿಪ್ರಾಯ ಸಮೀಕ್ಷೆಯ ಅಂಕಿಗಳು ಮೇಲ್ನೋಟಕ್ಕೆ ಈ ವಾದವನ್ನು ಪುಷ್ಟೀಕರಿಸುತ್ತವೆ. 2007ರ ವಸಂತದಲ್ಲಿ ಒಕ್ಕೂಟದ ಮೇಲೆ ವಿಶ್ವಾಸವಿದೆ ಎಂದವರು ನೂರಕ್ಕೆ 57, ತಮ್ಮ ಸರ್ಕಾರದ ಮೇಲೆ ವಿಶ್ವಾಸವಿದೆ ಎಂದವರು 41. ಯೂರೋ ದೇಶಗಳ ಸಾಲದ ಬಿಕ್ಕಟ್ಟಿನ ನಂತರ 2013ರ ಶರತ್ಕಾಲದ ಹೊತ್ತಿಗೆ ಮೊದಲನೆಯದು 31ಕ್ಕೂ ಎರಡನೆಯದು 23ಕ್ಕೂ ಇಳಿದಿದ್ದವು. 2025ರ ವಸಂತದಲ್ಲಿ ಒಕ್ಕೂಟದ ಮೇಲಿನ ವಿಶ್ವಾಸ 52ಕ್ಕೆ ಏರಿತು. ಆ ಹೊತ್ತಿಗೆ ಅದು 2007ರ ನಂತರದ ಅತಿ ಎತ್ತರದ ಮಟ್ಟವಾಗಿತ್ತು. ಒಂದೇ ಬಿಕ್ಕಟ್ಟು ಎರಡನ್ನೂ ಒಟ್ಟಿಗೆ ಕುಗ್ಗಿಸಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ, ಹಾಗಾಗಿ ಈ ಅಂಕಿಗಳನ್ನು ಪುರಾವೆಯೆಂದು ನಾನು ಹಿಡಿಯುವುದಿಲ್ಲ. ಆದರೆ ಅವುಗಳಲ್ಲಿ ಇನ್ನೊಂದು ಸಂಗತಿಯಿದೆ: ಏರಿದಾಗಲೂ ಇಳಿದಾಗಲೂ ಸರಾಸರಿಯಲ್ಲಿ ಒಕ್ಕೂಟದ ಅಂಕ ದೇಶಗಳ ಸರ್ಕಾರಗಳ ಅಂಕಕ್ಕಿಂತ ಮೇಲೆಯೇ ನಿಂತಿದೆ. ದೂರದ ಬ್ರಸೆಲ್ಸ್‌ನ ಮೇಲೆ ಜನರಿಗೆ ವಿಶ್ವಾಸವೇ ಇಲ್ಲ ಎಂದು ಭಾಷಣ ಮಾಡುವ ಮಂತ್ರಿಗಳು ತಮ್ಮ ಅಂಕವನ್ನು ಒಮ್ಮೆ ನೋಡಿಕೊಂಡಿದ್ದರೆ ಚೆನ್ನಾಗಿತ್ತು.

ಈ ಅಂತರವೇ ಎರಡನೆಯ ವಾದಕ್ಕೆ ದಾರಿ ಮಾಡುತ್ತದೆ. ಸ್ಪೇನಿನ ವಿದ್ವಾಂಸ ಇಗ್ನಾಸಿಯೋ ಸಾಂಚೆಸ್-ಕುಯೆಂಕಾ ಅವರು 2000ದಲ್ಲಿ ಆಂಡರ್ಸನ್ ಅವರಿಗೆ ಎದುರಾದ ಮಾತನ್ನು ಮುಂದಿಟ್ಟರು. ಸ್ವಂತ ದೇಶದ ಸಂಸ್ಥೆಗಳು ಕೆಟ್ಟಷ್ಟೂ, ಭ್ರಷ್ಟಾಚಾರ ಹೆಚ್ಚಿದಷ್ಟೂ ಜನ ಮೇಲಿನ ಸಂಸ್ಥೆಯ ಕಡೆಗೆ ಆಸೆಗಣ್ಣಿನಿಂದ ನೋಡುತ್ತಾರೆ, ಏಕೆಂದರೆ ಅಧಿಕಾರವನ್ನು ಮೇಲಕ್ಕೆ ಒಪ್ಪಿಸುವುದರಿಂದ ಅವರು ಕಳೆದುಕೊಳ್ಳುವುದು ಹೆಚ್ಚೇನೂ ಇರುವುದಿಲ್ಲ. ಇದು ನಮಗೆ ಹೊಸದಲ್ಲ. ಕರ್ನಾಟಕದಲ್ಲಿ ಯಾವುದೇ ದೊಡ್ಡ ಪ್ರಕರಣ ಬೆಳಕಿಗೆ ಬಂದಾಗ ಕೇಳಿಬರುವ ಮೊದಲ ಬೇಡಿಕೆ ಸಿಬಿಐ ತನಿಖೆಯದು. ಹಾಗೆ ಕೇಳುವವರೆಲ್ಲ ಸಿಬಿಐಯ ಕಾರ್ಯವೈಖರಿಯನ್ನು ಅಧ್ಯಯನ ಮಾಡಿದವರಲ್ಲ. ಸ್ಥಳೀಯ ಠಾಣೆಯ ಮೇಲೆ ವಿಶ್ವಾಸ ಕಳೆದುಕೊಂಡವರು. ಅದೇ ಹೊತ್ತಿಗೆ, ಖಾತೆ ಬದಲಾವಣೆಗೆಂದು ಲಂಚ ಕೊಟ್ಟು ಬೇಸತ್ತು, ಯಾರ ತನಿಖೆಯಾದರೇನು ಎಲ್ಲರೂ ಒಂದೇ ಎನ್ನುವವರೂ ಅದೇ ಬೀದಿಯಲ್ಲಿರುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ರಾಜ್ಯದೊಳಗೆ ತನಿಖೆ ನಡೆಸಲು ಸಿಬಿಐಗೆ ನೀಡಿದ್ದ ಸಾಮಾನ್ಯ ಸಮ್ಮತಿಯನ್ನು ಹಿಂತೆಗೆದುಕೊಂಡಾಗ ನಡೆದ ಚರ್ಚೆಯಲ್ಲಿಯೂ ಈ ಎರಡೂ ಬಗೆಯ ಮಾತುಗಳಿದ್ದವು. ಕೇಂದ್ರ ಸರ್ಕಾರ ರಾಷ್ಟ್ರಾತೀತ ಸಂಸ್ಥೆಯಲ್ಲ ಎಂಬುದನ್ನು ಬಲ್ಲೆ. ಮನಸ್ಸು ಓಡುವ ದಿಕ್ಕನ್ನು ತೋರಿಸಲಷ್ಟೇ ಈ ಹೋಲಿಕೆ.

ಎರಡನೆಯ ವಾದ ರಕ್ತಮಾಂಸ ತುಂಬಿಕೊಂಡು ನಿಂತದ್ದನ್ನು ನೋಡಬೇಕಾದರೆ ರೊಮೇನಿಯಾಕ್ಕೆ ಹೋಗಬೇಕು. 2007ರ ಜನವರಿ 1ರಂದು ಬಲ್ಗೇರಿಯಾದ ಜೊತೆಗೆ ಒಕ್ಕೂಟ ಸೇರುವಾಗಲೇ ಆ ದೇಶದ ನ್ಯಾಯಾಂಗ ಮತ್ತು ಭ್ರಷ್ಟಾಚಾರ ನಿಗ್ರಹ ಕ್ರಮಗಳ ಮೇಲೆ ಬ್ರಸೆಲ್ಸ್ ಒಂದು ವಿಶೇಷ ನಿಗಾ ವ್ಯವಸ್ಥೆಯನ್ನು ಹೇರಿತು. ಅದು ಔಪಚಾರಿಕವಾಗಿ ಮುಗಿದದ್ದು 2023ರಲ್ಲಿ. ಬೇರೆ ದೇಶದಲ್ಲಾಗಿದ್ದರೆ ಇಂಥ ನಿಗಾ ಅವಮಾನವೆನಿಸುತ್ತಿತ್ತು, ರೊಮೇನಿಯಾದಲ್ಲಿ ಬಹಳ ಮಂದಿಗೆ ಅದು ರಕ್ಷಣೆಯಂತೆ ಕಂಡಿತು. 2017ರ ಜನವರಿ 31ರ ರಾತ್ರಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ, 2 ಲಕ್ಷ ಲೇಯಿಗಿಂತ (ಲೇಯಿ ಅಲ್ಲಿನ ನಾಣ್ಯ) ಕಡಿಮೆ ನಷ್ಟವಾದ ಅಧಿಕಾರ ದುರ್ಬಳಕೆ ಅಪರಾಧವೇ ಅಲ್ಲವೆಂದು ಸಾರಿತು. ಕೊರೆಯುವ ಚಳಿಯಲ್ಲಿ ಜನ ಬುಖಾರೆಸ್ಟಿನ ವಿಕ್ಟರಿ ಚೌಕದಲ್ಲಿ ನೆರೆದರು. 1989ರ ಕ್ರಾಂತಿಯ ನಂತರದ ಅತಿ ದೊಡ್ಡ ಪ್ರತಿಭಟನೆ ಅದು. ಫೆಬ್ರವರಿ 5ರಂದು ಸರ್ಕಾರ ಸುಗ್ರೀವಾಜ್ಞೆಯನ್ನು ಹಿಂತೆಗೆದುಕೊಂಡಿತು. ಅದಾದ ಮೇಲೂ ನಿಲ್ಲದ ಪ್ರತಿಭಟನೆಯಲ್ಲಿ, ಅದೇ ತಿಂಗಳ ಕೊನೆಯಲ್ಲಿ, ಜನರು ನೀಲಿ ಮತ್ತು ಹಳದಿ ಹಾಳೆಗಳನ್ನು ಎತ್ತಿಹಿಡಿದು ಚೌಕದ ತುಂಬ ಐರೋಪ್ಯ ಒಕ್ಕೂಟದ ಬಾವುಟವನ್ನು ಮೂಡಿಸಿದರು. ಆ ಬಾವುಟ ತಮ್ಮ ಸರ್ಕಾರಕ್ಕೆ ಅವರು ಹೇಳಿದ ಮಾತಾಗಿತ್ತು.

ಆ ದೇಶದ ಭ್ರಷ್ಟಾಚಾರ ನಿಗ್ರಹ ನಿರ್ದೇಶನಾಲಯದ ಮುಖ್ಯಸ್ಥೆಯಾಗಿದ್ದ ಲಾರಾ ಕೊದ್ರುತ್ಸಾ ಕೊವೆಶಿ ಅವರನ್ನು 2018ರಲ್ಲಿ ಹುದ್ದೆಯಿಂದ ತೆಗೆದುಹಾಕಲಾಯಿತು. ಮರುವರ್ಷ ಅವರು ಒಕ್ಕೂಟದ ಹಣದಲ್ಲಿ ನಡೆಯುವ ವಂಚನೆಯನ್ನು ತನಿಖೆ ಮಾಡಲು ಹೊಸದಾಗಿ ಸ್ಥಾಪನೆಯಾಗುತ್ತಿದ್ದ ಐರೋಪ್ಯ ಅಭಿಯೋಜಕರ ಕಚೇರಿಯ ಮೊದಲ ಮುಖ್ಯಸ್ಥೆಯ ಸ್ಥಾನಕ್ಕೆ ಸ್ಪರ್ಧಿಸಿದಾಗ ಅವರನ್ನು ವಿರೋಧಿಸಿದ್ದು ಅವರ ದೇಶದ ಸರ್ಕಾರವೇ. ಆದರೂ ಅವರು ಆಯ್ಕೆಯಾದರು. 2021ರ ಜೂನ್ 1ರಂದು ಲಕ್ಸೆಂಬರ್ಗಿನಲ್ಲಿ ಆ ಕಚೇರಿ ಕೆಲಸ ಆರಂಭಿಸಿತು. ಈ ನಡುವೆ, 2020ರ ಮೇ ತಿಂಗಳಲ್ಲಿ, ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ವಜಾದಲ್ಲಿ ಅವರ ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು ತೀರ್ಪಿತ್ತಿತು. (ಆ ನ್ಯಾಯಾಲಯ ಒಕ್ಕೂಟಕ್ಕೆ ಸೇರಿದ್ದಲ್ಲ, ಕೌನ್ಸಿಲ್ ಆಫ್ ಯುರೋಪ್ ಎಂಬ ಬೇರೆಯೇ ಸಂಸ್ಥೆಗೆ ಸೇರಿದ್ದು. ನಮ್ಮ ಸಭೆಗಳಲ್ಲಿ ಇವೆರಡನ್ನೂ ಒಂದೇ ಮೂಟೆಗೆ ಕಟ್ಟುವುದನ್ನು ಮೇಲಿಂದ ಮೇಲೆ ಕೇಳಿದ್ದೇನೆ.) ಸ್ವಂತ ಸರ್ಕಾರ ಕೈಬಿಟ್ಟವರನ್ನು ಮೇಲಿನ ಸಂಸ್ಥೆ ಎತ್ತಿಕೊಂಡಿತು ಎಂಬ ಭಾವನೆ ರೊಮೇನಿಯನ್ನರಲ್ಲಿ ಹುಟ್ಟಿದ್ದರೆ ಅದು ಸುಮ್ಮನೆ ಹುಟ್ಟಿದ್ದಲ್ಲ.

ಇಟಲಿಯದು ಇನ್ನೂ ಹಳೆಯ ಕಥೆ. 1989ರ ಜೂನ್ 18ರಂದು, ಐರೋಪ್ಯ ಸಂಸತ್ತಿಗೆ ಸಂವಿಧಾನ ರಚಿಸುವ ಅಧಿಕಾರ ಕೊಡಬಹುದೇ ಎಂದು ಅಲ್ಲಿನ ಜನರನ್ನು ಕೇಳಿದಾಗ ನೂರಕ್ಕೆ 88 ಮಂದಿ ಹೌದೆಂದರು. ರೋಮಿನ ಸರ್ಕಾರಗಳ ಅಸ್ಥಿರತೆಯನ್ನು ದಶಕಗಳ ಕಾಲ ಕಂಡಿದ್ದ ಜನರಿಗೆ ಹೊರಗಿನ ಅಂಕುಶ ಹಿತವಾಗಿಯೇ ಕಂಡಿತ್ತು. 2011ರ ಆಗಸ್ಟಿನಲ್ಲಿ ಐರೋಪ್ಯ ಕೇಂದ್ರ ಬ್ಯಾಂಕು ಇಟಲಿಯ ಸರ್ಕಾರಕ್ಕೆ ಏನೇನು ಸುಧಾರಣೆ ಮಾಡಬೇಕೆಂದು ಪತ್ರ ಬರೆದು, ಅದೇ ವರ್ಷದ ಕೊನೆಗೆ ಚುನಾವಣೆಯಿಲ್ಲದೆ ತಜ್ಞರ ಸರ್ಕಾರ ಬಂದಾಗ ಆ ಅಂಕುಶದ ಮೊನೆ ಎಲ್ಲಿ ಚುಚ್ಚುತ್ತದೆ ಎಂಬುದು ಸಾಮಾನ್ಯರ ಅನುಭವಕ್ಕೂ ಬಂತು. ಆಮೇಲೆ ಇಟಲಿ ಒಕ್ಕೂಟದ ಉತ್ಸಾಹಿ ದೇಶಗಳ ಸಾಲಿನಿಂದ ಹಿಂದಕ್ಕೆ ಸರಿಯಿತು. ಗ್ರೀಸಿನಲ್ಲಿ ಇದಕ್ಕಿಂತ ಕಠೋರವಾದದ್ದು ನಡೆಯಿತು. ಕೊರತೆಯ ಅಂಕಿಗಳನ್ನು ಮುಚ್ಚಿಟ್ಟದ್ದು ಅಥೆನ್ಸಿನ ಸರ್ಕಾರಗಳು. ಅದರ ಬೆಲೆಯಾಗಿ ಪಿಂಚಣಿ ಕಡಿತದ ಷರತ್ತು ತಂದದ್ದು ಹೊರಗಿನ ಸಾಲದಾತರು. 2015ರ ಜುಲೈ 5ರ ಜನಮತಗಣನೆಯಲ್ಲಿ ನೂರಕ್ಕೆ 61 ಮಂದಿ ಆ ಷರತ್ತುಗಳಿಗೆ ಬೇಡವೆಂದರು, ವಾರ ಕಳೆಯುತ್ತಲೇ ಅದೇ ಸರ್ಕಾರ ಹೊಸ ಷರತ್ತುಗಳಿಗೆ ಸಹಿ ಹಾಕಲು ಒಪ್ಪಿತು. ಅಲ್ಲಿಗೆ ಜನರ ಪಾಲಿಗೆ ಕೆಳಗಿನ ಆಸರೆಯೂ ಹೋಯಿತು, ಮೇಲಿನ ಆಸರೆಯೂ ಹೋಯಿತು. ಮನೆಯ ಸರ್ಕಾರದ ಮೇಲಿನ ಸಿಟ್ಟಿನಿಂದ ಹುಟ್ಟುವ ಐರೋಪ್ಯ ವಿಶ್ವಾಸಕ್ಕೆ ಆಯುಸ್ಸು ಕಡಿಮೆ ಎಂದು ನಾನು ತಿಳಿದಿರುವುದು ಈ ಕಾರಣಕ್ಕೆ. ರೊಮೇನಿಯಾದಲ್ಲೂ 2024ರ ನವೆಂಬರಿನಲ್ಲಿ ಒಕ್ಕೂಟದ ಕಟು ಟೀಕಾಕಾರನೊಬ್ಬ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದೆ ಬಂದದ್ದು, ಆ ಚುನಾವಣೆಯನ್ನೇ ಸಾಂವಿಧಾನಿಕ ನ್ಯಾಯಾಲಯ ರದ್ದುಪಡಿಸಿದ್ದು, 2025ರ ಮೇ ತಿಂಗಳ ಮರುಚುನಾವಣೆಯಲ್ಲಿ ಒಕ್ಕೂಟದ ಪರವಾಗಿದ್ದ ಅಭ್ಯರ್ಥಿ ಗೆದ್ದರೂ ಎದುರಾಳಿ ನೂರಕ್ಕೆ 46ರಷ್ಟು ಮತ ಪಡೆದದ್ದು ನಿಮಗೆ ನೆನಪಿರಬಹುದು.

ಹಾಗಾದರೆ ಎರಡು ವಾದಗಳಲ್ಲಿ ಯಾವುದು ಸರಿ? ಸ್ಪೇನಿನ ಮೂವರು ವಿದ್ವಾಂಸರು 2011ರಲ್ಲಿ ಯುರೋಪಿಯನ್ ಸೋಶಿಯಲ್ ಸರ್ವೇಯ ದತ್ತಾಂಶವನ್ನು ಇಟ್ಟುಕೊಂಡು ಕಂಡುಕೊಂಡದ್ದು, ಎರಡೂ ಸರಿ ಎಂದು. ಆದರೆ ಬೇರೆ ಬೇರೆ ನೆಲೆಗಳಲ್ಲಿ. ಒಂದೇ ದೇಶದ ಒಳಗೆ ನೋಡಿದರೆ ತಮ್ಮ ಸಂಸತ್ತನ್ನು ನಂಬುವವರೇ ಐರೋಪ್ಯ ಸಂಸತ್ತನ್ನೂ ಹೆಚ್ಚಾಗಿ ನಂಬುತ್ತಾರೆ. ದೇಶ ದೇಶಗಳನ್ನು ಹೋಲಿಸಿದರೆ ತಮ್ಮ ಸಂಸತ್ತಿನ ಮೇಲೆ ವಿಶ್ವಾಸ ಹೆಚ್ಚಿರುವ ದೇಶಗಳಲ್ಲಿ ಐರೋಪ್ಯ ಸಂಸತ್ತಿನ ಮೇಲಿನ ವಿಶ್ವಾಸ ಕಡಿಮೆ. ಮೇಲ್ನೋಟಕ್ಕೆ ಒಗಟಿನಂತಿರುವ ಇದು ನಮ್ಮಂಥ ವಲಸಿಗರಿಗೆ ಅರ್ಥವಾಗದ ಸಂಗತಿಯಲ್ಲ. ಯಾರನ್ನೂ ನಂಬದ ಸ್ವಭಾವದವರು ಎಲ್ಲ ಊರಿನಲ್ಲೂ ಇರುತ್ತಾರೆ, ಅವರು ಹಳ್ಳಿಯ ಪಂಚಾಯಿತಿಯಿಂದ ವಿಶ್ವಸಂಸ್ಥೆಯವರೆಗೆ ಎಲ್ಲವನ್ನೂ ಅನುಮಾನಿಸುತ್ತಾರೆ. ಆದರೆ ಇಡೀ ಊರಿಗೆ ಊರೇ ಹಿಡಿಯುವ ಅಳತೆಗೋಲು ಬೇರೆ, ಅದನ್ನು ನಿರ್ಧರಿಸುವುದು ಆ ದೇಶದ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳು ಎಷ್ಟು ಚೆನ್ನಾಗಿ ನಡೆಯುತ್ತಿವೆ ಎಂಬುದು.

ಡೆನ್ಮಾರ್ಕ್ ಅಂಥ ಎತ್ತರದ ಅಳತೆಗೋಲಿನ ದೇಶ. ತನ್ನ ಸರ್ಕಾರವನ್ನು ನಂಬುವ ಡೇನರು 1992ರ ಜೂನ್ 2ರಂದು ಒಕ್ಕೂಟಕ್ಕೆ ಬುನಾದಿ ಹಾಕಿದ ಮಾಸ್ಟ್ರಿಕ್ಟ್ ಒಪ್ಪಂದವನ್ನು ನೂರಕ್ಕೆ 50.7 ಮತಗಳಿಂದ ತಳ್ಳಿಹಾಕಿದರು, ವಿನಾಯಿತಿಗಳನ್ನು ಗಿಟ್ಟಿಸಿಕೊಂಡ ಮೇಲೆಯೇ 1993ರಲ್ಲಿ ಒಪ್ಪಿದರು. 2000ದಲ್ಲಿ ಯೂರೋ ನಾಣ್ಯವನ್ನು ಬೇಡವೆಂದರು. 2022ರಲ್ಲಿ, ಉಕ್ರೇನ್ ಯುದ್ಧ ಆರಂಭವಾದ ನಂತರ, ಒಕ್ಕೂಟದ ರಕ್ಷಣಾ ನೀತಿಯಿಂದ ಹೊರಗುಳಿಯುವ ವಿನಾಯಿತಿಯನ್ನು ಮಾತ್ರ ನೂರಕ್ಕೆ 67ರಷ್ಟು ಬಹುಮತದಿಂದ ಬಿಟ್ಟುಕೊಟ್ಟರು. ಇದನ್ನು ಕೆಲವರು ಡೇನರ ಹಟಮಾರಿತನವೆಂದು ಬಣ್ಣಿಸುತ್ತಾರೆ. ನನಗೆ ಇದು, ಚೆನ್ನಾಗಿ ನಡೆಯುತ್ತಿರುವುದನ್ನು ಬೇರೆಯವರ ಕೈಗೆ ಕೊಡುವಾಗ ಬಾಯಿಬಿಟ್ಟು ಲೆಕ್ಕ ಕೇಳುವ ಎಚ್ಚರವೆಂದು ತೋರುತ್ತದೆ. ಆ ಎಚ್ಚರಕ್ಕೆ ಅಲ್ಲೊಂದು ಕಾಯಂ ವ್ಯವಸ್ಥೆಯೂ ಇದೆ. ಡೆನ್ಮಾರ್ಕಿನ ಮಂತ್ರಿಯೊಬ್ಬರು ಮಹತ್ವದ ವಿಷಯದ ಮೇಲೆ ಬ್ರಸೆಲ್ಸ್‌ನಲ್ಲಿ ಎಲ್ಲ ಸದಸ್ಯ ದೇಶಗಳ ಮಂತ್ರಿಗಳು ಸೇರುವ ಸಚಿವರ ಮಂಡಳಿಯಲ್ಲಿ ಮಾತುಕತೆಗೆ ಕೂರುವ ಮೊದಲು, ತಮ್ಮ ಸಂಸತ್ತಿನ ಐರೋಪ್ಯ ವ್ಯವಹಾರಗಳ ಸಮಿತಿಯ ಮುಂದೆ ಬಂದು, ಅಲ್ಲಿ ಯಾವ ನಿಲುವು ತಾಳುತ್ತೇವೆಂದು ಹೇಳಿ ಅನುಮತಿ ಪಡೆಯಬೇಕು. 179 ಸ್ಥಾನಗಳ ಸಂಸತ್ತಿನಲ್ಲಿ ಬಹುಮತವನ್ನು ಪ್ರತಿನಿಧಿಸುವ ಸದಸ್ಯರು ಬೇಡವೆಂದರೆ ಮಂತ್ರಿ ಆ ನಿಲುವನ್ನು ಕೈಬಿಡಬೇಕು. ಬ್ರಸೆಲ್ಸ್‌ನಿಂದ ಹಿಂದಿರುಗಿ ಬಂದು, ಅವರು ಹಾಗೆ ಮಾಡಿಬಿಟ್ಟರು, ನಮ್ಮ ಕೈಯಲ್ಲೇನಿತ್ತು ಎಂದು ಹೇಳುವುದು ಅಂಥ ಮಂತ್ರಿಗೆ ಸುಲಭವಲ್ಲ.

ಹಾಗೆ ಹೇಳುವುದು ಬೇರೆ ಕಡೆ ಬಹಳ ಸುಲಭ. ಹಂಗೇರಿಯ ಸರ್ಕಾರ 2017ರಲ್ಲಿ ಬ್ರಸೆಲ್ಸನ್ನು ತಡೆಯೋಣ ಎಂಬ ಹೆಸರಿನಲ್ಲೇ ರಾಷ್ಟ್ರೀಯ ಸಮಾಲೋಚನೆಯನ್ನು ನಡೆಸಿತು. 2022ರಲ್ಲಿ ರಷ್ಯಾದ ಮೇಲಿನ ನಿರ್ಬಂಧಗಳು ಬ್ರಸೆಲ್ಸ್‌ನವು, ಅವು ನಮ್ಮನ್ನು ಹಾಳುಮಾಡುತ್ತಿವೆ ಎಂಬ ಭಿತ್ತಿಫಲಕಗಳನ್ನು, ಬಾಂಬಿನ ಚಿತ್ರದೊಡನೆ, ದೇಶದ ತುಂಬ ನಿಲ್ಲಿಸಿತು. ಅಂಥ ನಿರ್ಬಂಧಗಳಿಗೆ ಎಲ್ಲ ಸದಸ್ಯ ರಾಷ್ಟ್ರಗಳ ಸರ್ವಾನುಮತ ಬೇಕು. ಹಂಗೇರಿ ತಡೆಯದೆ ಬಿಟ್ಟದ್ದರಿಂದಲೇ ಅವು ಜಾರಿಗೆ ಬಂದವು ಎಂಬುದು ಫಲಕದಲ್ಲಿರಲಿಲ್ಲ. ಇದು ಎದ್ದು ಕಾಣುವ ಉದಾಹರಣೆಯೆಂದು ಆರಿಸಿಕೊಂಡೆನೇ ಹೊರತು, ಮೆದುವಾದ ದನಿಯಲ್ಲಿ ಇದೇ ಆಟವನ್ನು ಆಡದ ರಾಜಧಾನಿ ಅಪರೂಪ. ಚುನಾವಣೆಯೂ ಇದಕ್ಕೆ ಹೊರತಲ್ಲ. 2024ರ ಜೂನ್ 9ರಂದು ಫ್ರಾನ್ಸಿನಲ್ಲಿ ಮತ ಚಲಾವಣೆಯಾದದ್ದು ಐರೋಪ್ಯ ಸಂಸತ್ತಿಗೆ. ಅದೇ ಸಂಜೆ ಅಧ್ಯಕ್ಷ ಮ್ಯಾಕ್ರನ್ ವಿಸರ್ಜಿಸಿದ್ದು ತಮ್ಮ ದೇಶದ ರಾಷ್ಟ್ರೀಯ ಸಭೆಯನ್ನು. ಮತದಾರರು ಉತ್ತರಿಸಿದ್ದು ಯಾವ ಪ್ರಶ್ನೆಗೆ ಎಂಬುದರಲ್ಲಿ ಅವರಿಗೆ ಸಂದೇಹವಿದ್ದಂತೆ ಕಾಣಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಬ್ರಸೆಲ್ಸ್‌ನ ತಪ್ಪುಗಳಿಗೆಲ್ಲ ರಾಷ್ಟ್ರೀಯ ಸರ್ಕಾರಗಳೇ ಹೊಣೆಯೆಂದು ನಾನು ಹೇಳುತ್ತಿಲ್ಲ. ವಂಚನೆ ಮತ್ತು ಸ್ವಜನಪಕ್ಷಪಾತದ ಆರೋಪಗಳ ನಡುವೆ 1999ರ ಮಾರ್ಚಿನಲ್ಲಿ ಇಡೀ ಐರೋಪ್ಯ ಆಯೋಗವೇ ರಾಜೀನಾಮೆ ಕೊಡಬೇಕಾಯಿತು. 2022ರ ಡಿಸೆಂಬರಿನಲ್ಲಿ ಐರೋಪ್ಯ ಸಂಸತ್ತಿನ ಉಪಾಧ್ಯಕ್ಷರೊಬ್ಬರ ಬಂಧನವಾಯಿತು. ಕೋವಿಡ್ ಲಸಿಕೆ ಖರೀದಿಯ ಕಾಲದಲ್ಲಿ ಆಯೋಗದ ಅಧ್ಯಕ್ಷೆ ಲಸಿಕೆ ಕಂಪನಿಯೊಂದರ ಮುಖ್ಯಸ್ಥರೊಡನೆ ವಿನಿಮಯ ಮಾಡಿಕೊಂಡ ಮೊಬೈಲ್ ಸಂದೇಶಗಳನ್ನು ತೋರಿಸಲು ನಿರಾಕರಿಸಿದ ಆಯೋಗದ ತೀರ್ಮಾನವನ್ನು 2025ರ ಮೇ ತಿಂಗಳಲ್ಲಿ ಒಕ್ಕೂಟದ ಜನರಲ್ ಕೋರ್ಟ್ ರದ್ದುಪಡಿಸಿತು. ಆದರೆ ಗಮನಿಸಿ: ಇವುಗಳನ್ನು ಬ್ರಸೆಲ್ಸ್‌ನ ಖಾತೆಗೆ ನಿಖರವಾಗಿ ಬರೆಯಲು ಸಾಧ್ಯವಾಗಬೇಕಾದರೆ, ಬೇರೆಯವರ ಸಾಲವನ್ನು ಮೊದಲು ಅಲ್ಲಿಂದ ತೆಗೆದಿರಬೇಕು. ನಮ್ಮ ರಾಜಧಾನಿಯ ಮೇಲಿನ ಸಿಟ್ಟನ್ನೋ ಭಕ್ತಿಯನ್ನೋ ಅಲ್ಲಿಗೆ ಸಾಗಿಸುತ್ತಲೇ ಇದ್ದರೆ ಆಯೋಗದ ನಿಜವಾದ ಲೋಪ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇದರಿಂದ ಆಯೋಗಕ್ಕೆ ನಷ್ಟವೇನಿಲ್ಲ.

ಆದ್ದರಿಂದ ನನ್ನ ಕೋರಿಕೆ, ಮತವಿರುವ ಬಂಧುಗಳಿಗೆ ಮೊದಲು. 2029ಕ್ಕಾಗಿ ಕಾಯಬೇಡಿ. ಅದಕ್ಕೂ ಮುನ್ನ ನಿಮ್ಮ ದೇಶದ ಸಂಸತ್ತಿಗೆ ಚುನಾವಣೆ ಬಂದು ಅಭ್ಯರ್ಥಿಗಳು ಸಿಕ್ಕಾಗ, ಸಚಿವರ ಮಂಡಳಿಯಲ್ಲಿ ನಮ್ಮ ದೇಶ ಈ ಐದು ವರ್ಷ ಯಾವುದಕ್ಕೆ ಹೌದೆಂದಿತು, ಯಾವುದಕ್ಕೆ ಬೇಡವೆಂದಿತು, ಹೋಗುವ ಮೊದಲು ಮಂತ್ರಿ ಯಾರನ್ನು ಕೇಳಿದರು ಎಂದು ಪ್ರಶ್ನಿಸಿ. ಕಾನೂನುಗಳ ಮೇಲೆ ಮಂಡಳಿಯಲ್ಲಿ ನಡೆಯುವ ಮತದಾನ ಬಹಿರಂಗವೇ. ಆದರೆ ಅದಕ್ಕೆ ಮುಂಚೆ ರಾಯಭಾರಿಗಳ ಮತ್ತು ಅಧಿಕಾರಿಗಳ ಮಟ್ಟದ ಸಭೆಗಳಲ್ಲಿ ಯಾವ ದೇಶ ಏನು ಹೇಳಿತು ಎಂಬುದು ಬಹುಪಾಲು ದಾಖಲಾಗುವುದೇ ಇಲ್ಲವೆಂದು, ಒಕ್ಕೂಟದ ಸಂಸ್ಥೆಗಳ ಮೇಲಿನ ದೂರುಗಳನ್ನು ವಿಚಾರಿಸುವ ಐರೋಪ್ಯ ಒಂಬುಡ್ಸ್‌ಮನ್ ಕಚೇರಿ 2018ರಲ್ಲಿಯೇ ಆಕ್ಷೇಪಿಸಿತ್ತು. ಆ ಕತ್ತಲೆಯ ಲಾಭ ಪಡೆಯುವವರು ರಾಷ್ಟ್ರೀಯ ಸರ್ಕಾರಗಳು, ಅದನ್ನು ತೆಗೆಸುವ ಅಧಿಕಾರ ಇರುವುದೂ ಅವುಗಳಿಗೆ ಮತ ಹಾಕುವವರ ಕೈಯಲ್ಲೇ.

ಮತವಿಲ್ಲದವರೂ ಬರಿಗೈಯಲ್ಲಿಲ್ಲ. ಐರೋಪ್ಯ ಸಂಸತ್ತಿಗೆ ಮನವಿ ಸಲ್ಲಿಸುವ ಹಕ್ಕು, ಒಂಬುಡ್ಸ್‌ಮನ್‌ಗೆ ದೂರು ಕೊಡುವ ಹಕ್ಕು ಒಕ್ಕೂಟದ ನೆಲದಲ್ಲಿ ವಾಸಿಸುವ ಎಲ್ಲರಿಗೂ ಇದೆ, ಪಾಸ್‌ಪೋರ್ಟ್ ಯಾವ ದೇಶದ್ದೇ ಆಗಿರಲಿ. ಒಂದು ಎಚ್ಚರಿಕೆ ಮಾತ್ರ: ಒಂಬುಡ್ಸ್‌ಮನ್ ವಿಚಾರಿಸುವುದು ಒಕ್ಕೂಟದ ಸಂಸ್ಥೆಗಳನ್ನು ಕುರಿತ ದೂರುಗಳನ್ನಷ್ಟೇ. ಆ ಕಚೇರಿಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ದೇಶ ದೇಶಗಳ ಕಚೇರಿಗಳ ಮೇಲಿನವಾದ್ದರಿಂದ ಅದರ ವ್ಯಾಪ್ತಿಗೇ ಬರುವುದಿಲ್ಲ. ಹಾಗಾಗಿ ಲಕೋಟೆಯ ಮೇಲೆ ವಿಳಾಸ ಬರೆಯುವ ಮೊದಲು ನಿಮ್ಮ ಕಾಗದವನ್ನು ತಡೆಹಿಡಿದದ್ದು ಯಾವ ಕಚೇರಿ, ಅದು ಯಾವ ಕಾನೂನಿನಡಿ, ಆ ಕಾನೂನಿಗೆ ಒಪ್ಪಿಗೆ ಕೊಟ್ಟವರು ಯಾರು ಎಂಬುದನ್ನು ವಿಚಾರಿಸಿಕೊಳ್ಳಿ. ನಮ್ಮ ಕನ್ನಡ ಸಂಘಗಳು ವರ್ಷದಲ್ಲಿ ಒಂದು ಸಂಜೆಯನ್ನಾದರೂ ಇಂಥ ವಿಚಾರಣೆಗೆ ಮೀಸಲಿಟ್ಟು, ಸ್ಥಳೀಯ ಸಂಸತ್ ಸದಸ್ಯರನ್ನು ಕರೆಸಿ, ನಮಗೆ ತಿಳಿಯುವ ಭಾಷೆಯಲ್ಲಿ ಉತ್ತರ ಕೇಳಬೇಕೆಂದು ವಿನಂತಿಸುತ್ತೇನೆ. ಯಾವ ಸಂಘ ಮುಂದೆ ಬಂದರೂ ಪ್ರಶ್ನೆಗಳ ಪಟ್ಟಿ ಸಿದ್ಧಪಡಿಸುವ ಕೆಲಸಕ್ಕೆ ನಾನು ಜೊತೆಗಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜರ್ಮನಿಯಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ